ಒಂದು ಲೋಟ ಎಂದರೆ ಎಷ್ಟು ಗ್ರಾಂ?



ಓಟ್ಸ್ ಎಂಬ ಧಾನ್ಯದ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಪೇಟೆಯ ದಿನಸಿ ಅಂಗಡಿಗಳಲ್ಲಿ ಅದರ ಪೊಟ್ಟಣಗಳನ್ನು ನೋಡಿಯೂ ಇರಬಹುದು. ಪೊಟ್ಟಣದ ಮೇಲೆ ಪ್ರಮಾಣವನ್ನು ಗ್ರಾಂನಲ್ಲಿ ಮುದ್ರಿಸಿರುತ್ತಾರೆ. ಆದರೆ ಅಡುಗೆ ಪುಸ್ತಕದಲ್ಲಿ "ಒಂದು ಕಪ್ ಓಟ್ಸ್ ತೆಗೆದುಕೊಳ್ಳಿ" ಎಂದಿರುತ್ತದೆ. ಅಂಗಡಿಯವರು ತೂಕದ ಭಾಷೆ ಆಡುತ್ತಾರೆ, ಅಡುಗೆಯವರು ಅಳತೆಯ ಭಾಷೆ ಆಡುತ್ತಾರೆ. ಹಾಗಾದರೆ ಒಂದು ಕಪ್ ಎಂದರೆ ಎಷ್ಟು ಗ್ರಾಂ?

ಇದಕ್ಕೆ ಪುಸ್ತಕಗಳಲ್ಲಿ ಸಿದ್ಧ ಪಟ್ಟಿಗಳು ಸಿಗುತ್ತವೆ. ಆದರೆ ಅಂಥ ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮನೆಯ ಲೋಟಕ್ಕೆ, ನಿಮ್ಮ ಶಾಲೆಯ ಬಿಸಿಯೂಟದ ಡಬ್ಬಕ್ಕೆ ಉತ್ತರವನ್ನು ನೀವೇ ತೂಗಿ ಕಂಡುಹಿಡಿಯಬೇಕು. ಕಂಡುಹಿಡಿದದ್ದನ್ನು ಅದರ ಮೇಲೆಯೇ ಬರೆದಿಡಬೇಕು. ಹೀಗೆ ಏಕೆ ಹೇಳುತ್ತೇನೆ ಎಂಬುದನ್ನು ಮುಂದೆ ನೋಡೋಣ.

ಓಟ್ಸ್ ಮತ್ತು ಅವಲಕ್ಕಿ

ಓಟ್ಸ್ ತಂಪು ಹವೆಯ ದೇಶಗಳ ಬೆಳೆ. ಅದರ ಕಾಳನ್ನು ಹೊಟ್ಟು ತೆಗೆದು, ಹಬೆಯಲ್ಲಿ ಮೆತ್ತಗೆ ಮಾಡಿ, ಉರುಳೆಗಳ ನಡುವೆ ಹಾಯಿಸಿ ಚಪ್ಪಟೆ ಮಾಡುತ್ತಾರೆ. ಅಂಗಡಿಯಲ್ಲಿ ನಾವು ನೋಡುವುದು ಸಾಮಾನ್ಯವಾಗಿ ಈ ಚಪ್ಪಟೆ ಓಟ್ಸ್. ಇದನ್ನು ಕೇಳಿದ ಕೂಡಲೇ ನಿಮಗೆ ನಮ್ಮ ಅವಲಕ್ಕಿಯ ನೆನಪು ಬರಬೇಕು! ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಅಥವಾ ಒತ್ತಿ ಚಪ್ಪಟೆ ಮಾಡಿದರೆ ಅವಲಕ್ಕಿ. ಓಟ್ಸ್ ಕಾಳಿಗೂ ಚಪ್ಪಟೆ ಓಟ್ಸ್‌ಗೂ ಇರುವ ಸಂಬಂಧ ಅಕ್ಕಿಗೂ ಅವಲಕ್ಕಿಗೂ ಇರುವ ಸಂಬಂಧದಂತೆಯೇ ಇದೆ.

ಈಗ ಒಂದು ವಿಷಯ ಗಮನಿಸಿ. 240 ಮಿಲಿಲೀಟರ್ ಹಿಡಿಯುವ ಒಂದು ಕಪ್‌ನಲ್ಲಿ ಚಪ್ಪಟೆ ಓಟ್ಸ್ ಸುಮಾರು 80ರಿಂದ 90 ಗ್ರಾಂ ಹಿಡಿಸುತ್ತದೆ. ಅದೇ ಓಟ್ಸ್ ಕಾಳನ್ನು ಚಪ್ಪಟೆ ಮಾಡದೆ ನುಚ್ಚಿನಂತೆ ಕತ್ತರಿಸಿ ಮಾರುವುದೂ ಉಂಟು. ಅದೇ ಕಪ್‌ನಲ್ಲಿ ಆ ನುಚ್ಚು ಸುಮಾರು 160ರಿಂದ 175 ಗ್ರಾಂ ಹಿಡಿಸುತ್ತದೆ. ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು! ಧಾನ್ಯ ಒಂದೇ, ಕಪ್ ಒಂದೇ, ಹೆಸರೂ ಓಟ್ಸ್ ಎಂದೇ. ಬದಲಾಗಿದ್ದು ಆಕಾರ ಮಾತ್ರ. ಬರಿ "ಒಂದು ಕಪ್ ಓಟ್ಸ್" ಎಂದು ಬರೆದರೆ ಒಬ್ಬರ ಗಂಜಿ ನೀರಾಗಬಹುದು, ಇನ್ನೊಬ್ಬರದು ಮುದ್ದೆಯಾಗಬಹುದು.

ನಮ್ಮ ಅಡುಗೆಮನೆಯಲ್ಲೂ ಹೀಗೆಯೇ. 200 ಮಿಲಿಲೀಟರ್ ಹಿಡಿಯುವ ಸ್ಟೀಲ್ ಲೋಟವನ್ನು ಮಟ್ಟಸವಾಗಿ ತುಂಬಿದರೆ ಸುಮಾರಾಗಿ ಎಷ್ಟು ತೂಗುತ್ತದೆ, ನೋಡಿ.

ನೀರು – 200 ಗ್ರಾಂ
ಪುಡಿ ಉಪ್ಪು – 240 ಗ್ರಾಂ
ಸಕ್ಕರೆ – 170 ಗ್ರಾಂ
ಅಕ್ಕಿ – 160 ಗ್ರಾಂ
ರಾಗಿ ಹಿಟ್ಟು – 100ರಿಂದ 120 ಗ್ರಾಂ
ಗಟ್ಟಿ ಅವಲಕ್ಕಿ, ಚಪ್ಪಟೆ ಓಟ್ಸ್ – 70 ಗ್ರಾಂ
ಮಂಡಕ್ಕಿ – 12 ಗ್ರಾಂ

ಒಂದು ಲೋಟ ಉಪ್ಪಿನ ತೂಕಕ್ಕೆ ಸರಿದೂಗಿಸಲು ಇಪ್ಪತ್ತು ಲೋಟ ಮಂಡಕ್ಕಿ ಬೇಕು! ಆದರೆ ಈ ಅಂಕಿಗಳನ್ನು ಕಂಠಪಾಠ ಮಾಡಬೇಡಿ. ನಿಮ್ಮ ಊರಿನ ಅವಲಕ್ಕಿ ಇನ್ನಷ್ಟು ದಪ್ಪ ಇರಬಹುದು, ನಿಮ್ಮ ರಾಗಿ ಹಿಟ್ಟು ಇನ್ನಷ್ಟು ನುಣ್ಣಗೆ ಇರಬಹುದು. ಆಗ ಅಂಕಿಯೂ ಬದಲಾಗುತ್ತದೆ.

ಲೋಟದಲ್ಲಿ ಅಡಗಿರುವ ಗಾಳಿ

ತುಂಬಿದ ಲೋಟದಲ್ಲಿ ಅಕ್ಕಿ ಮಾತ್ರ ಇದೆ ಎಂದು ನಮಗೆ ಕಾಣುತ್ತದೆ. ನಿಜವಾಗಿ ಕಾಳು ಕಾಳುಗಳ ನಡುವೆ ಗಾಳಿಯೂ ಇದೆ. ಎಷ್ಟು ಗಾಳಿ? ಮಾಡಿ ನೋಡಿ.

ಲೋಟದ ಅಂಚಿನವರೆಗೆ ಅಕ್ಕಿ ತುಂಬಿ ಮಟ್ಟ ಮಾಡಿ. ವಿಜ್ಞಾನ ಕಿಟ್‌ನ ಅಳತೆ ಜಾಡಿಯಲ್ಲಿ 100 ಮಿಲಿಲೀಟರ್ ನೀರು ತೆಗೆದುಕೊಂಡು ಅಕ್ಕಿಯ ಮೇಲೆ ಮೆಲ್ಲಗೆ ಸುರಿಯಿರಿ. ನೀರು ಅಂಚಿಗೆ ಬಂದ ಕೂಡಲೇ ನಿಲ್ಲಿಸಿ. ತಡ ಮಾಡಿದರೆ ಅಕ್ಕಿ ನೀರನ್ನು ಹೀರಿಕೊಳ್ಳುತ್ತದೆ. 200 ಮಿಲಿಲೀಟರ್ ಲೋಟವಾದರೆ ಸುಮಾರು 80 ಮಿಲಿಲೀಟರ್ ನೀರು ಒಳಗೆ ಸೇರುತ್ತದೆ. ಅಷ್ಟು ಜಾಗದಲ್ಲಿ ಮೊದಲು ಗಾಳಿ ಇತ್ತು. ಅಂದರೆ ತುಂಬಿದ ಲೋಟದ ಐದರಲ್ಲಿ ಎರಡು ಭಾಗ ಗಾಳಿಯೇ! ಪ್ರಯೋಗ ಮುಗಿದ ಮೇಲೆ ಅಕ್ಕಿಯನ್ನು ಚೆಲ್ಲಬೇಡಿ. ಶುದ್ಧ ನೀರು, ಶುದ್ಧ ಲೋಟ ಬಳಸಿದ್ದರೆ ಅದು ಅಡುಗೆಗೆ ಸಿದ್ಧವಾದ ನೆನೆದ ಅಕ್ಕಿ.

ಅವಲಕ್ಕಿ, ಓಟ್ಸ್‌ನಂಥ ಚಪ್ಪಟೆ ವಸ್ತುಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬೀಳುವುದರಿಂದ ನಡುವೆ ಇನ್ನೂ ಹೆಚ್ಚು ಗಾಳಿ ಉಳಿಯುತ್ತದೆ. ಮಂಡಕ್ಕಿಯಲ್ಲಿ ಕಾಳಿನ ಒಳಗೂ ಗಾಳಿ, ಹೊರಗೂ ಗಾಳಿ. ಹಿಟ್ಟನ್ನು ಆಗತಾನೆ ಜರಡಿ ಹಿಡಿದಿದ್ದರೆ ಒಂದು ತೂಕ, ಒತ್ತಿ ತುಂಬಿದರೆ ಇನ್ನೊಂದು ತೂಕ. ತುಂಬಿದ ಲೋಟವನ್ನು ನಾಲ್ಕು ಸಲ ನೆಲಕ್ಕೆ ತಟ್ಟಿ ನೋಡಿ. ಹಿಟ್ಟು ತಗ್ಗಿ ಮೇಲೆ ಜಾಗವಾಗುತ್ತದೆ. ಗಾಳಿ ಹೊರಗೆ ಹೋಯಿತು, ಗಾತ್ರ ಕುಗ್ಗಿತು. ತೂಕ ಮಾತ್ರ ಕುಗ್ಗಲಿಲ್ಲ. ಇದೇ ಈ ಪಾಠದ ತಿರುಳು. ಅಲುಗಾಡಿಸಿದರೆ ಅಳತೆ ಬದಲಾಗುತ್ತದೆ, ತೂಕ ಬದಲಾಗುವುದಿಲ್ಲ.

ಯಾರ ಕಪ್? ಯಾವ ಸೇರು?

ಇನ್ನೊಂದು ತೊಡಕು ಪಾತ್ರೆಯದು. ಅಮೆರಿಕದ ಅಡುಗೆ ಕಪ್ ಸುಮಾರು 237 ಮಿಲಿಲೀಟರ್. ಆಸ್ಟ್ರೇಲಿಯದ ಕಪ್ 250 ಮಿಲಿಲೀಟರ್. ಜಪಾನಿನ ಅಡುಗೆ ಕಪ್ 200 ಮಿಲಿಲೀಟರ್. ಅದೇ ಜಪಾನಿನಲ್ಲಿ ಅಕ್ಕಿ ಅಳೆಯುವ ಹಳೆಯ ಮಾನ ಸುಮಾರು 180 ಮಿಲಿಲೀಟರ್. ನಮ್ಮ ಮನೆಗಳ ಲೋಟಗಳಿಗಂತೂ ಲೆಕ್ಕವೇ ಇಲ್ಲ.

ಅಮೆರಿಕದ ಬಾಸ್ಟನ್ ನಗರದ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ ಎಂಬ ಶಿಕ್ಷಕಿ 1896ರಲ್ಲಿ ಒಂದು ಅಡುಗೆ ಪುಸ್ತಕ ಪ್ರಕಟಿಸಿದರು. ಕಪ್ ಆಗಲಿ ಚಮಚ ಆಗಲಿ, ಮೇಲ್ಭಾಗವನ್ನು ಮಟ್ಟ ಮಾಡಿಯೇ ಅಳೆಯಬೇಕು ಎಂದು ಅವರು ಒತ್ತಿ ಹೇಳಿದರು. ಗೋಪುರದಂತೆ ತುಂಬಿದರೆ ಪ್ರತಿಯೊಬ್ಬರ ಗೋಪುರವೂ ಬೇರೆ ಬೇರೆ ಎತ್ತರ ತಾನೇ?

ನಮ್ಮಲ್ಲಿ ಸೇರು, ಪಾವು, ಚಟಾಕು, ಕೊಳಗ, ಖಂಡುಗ ಇದ್ದವು. ಹಳೆಯ ಮೈಸೂರು ಸೀಮೆಯಲ್ಲಿ ನಾಲ್ಕು ಪಾವು ಸೇರಿದರೆ ಒಂದು ಸೇರು. ಸೇರು ಎಂಬ ಹೆಸರು ಅಳತೆಗೂ ಇತ್ತು, ತೂಕಕ್ಕೂ ಇತ್ತು. ದಕ್ಷಿಣ ಭಾರತದ ಹಲವು ಕಡೆ ತೂಕದ ಸೇರು ಎಂದರೆ 24 ತೊಲ, ಅಂದರೆ ಸುಮಾರು 280 ಗ್ರಾಂ. ಉತ್ತರ ಭಾರತದ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಹೆಸರು ಒಂದೇ, ತೂಕ ಮೂರು ಪಟ್ಟಿಗಿಂತ ಹೆಚ್ಚು ಬೇರೆ! ಕೊಳಗವಂತೂ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಈ ಗೊಂದಲ ತಪ್ಪಿಸಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂತು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬಂದವು.

ಅಳತೆ ಎಲ್ಲಿ ಸಾಕು?

ಇಷ್ಟು ಓದಿದ ಮೇಲೆ ಲೋಟ, ಪಾವುಗಳನ್ನೆಲ್ಲ ಅಟ್ಟಕ್ಕೆ ಹಾಕಿ, ತಕ್ಕಡಿಯೊಂದೇ ಸಾಕು ಎಂದು ನಿಮಗೆ ಅನಿಸಬಹುದು. ನಾನು ಹಾಗೆ ಹೇಳುವುದಿಲ್ಲ. ಅಳತೆಯೇ ಅನುಕೂಲವಾದ ಕೆಲಸಗಳೂ ಇವೆ.

ಅನ್ನಕ್ಕೆ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಎಂದು ಮನೆಯಲ್ಲಿ ಹೇಳುವುದನ್ನು ಕೇಳಿದ್ದೀರಿ. ಇಲ್ಲಿ ಲೋಟ ಚಿಕ್ಕದೋ ದೊಡ್ಡದೋ ಎಂಬುದು ಮುಖ್ಯವಲ್ಲ. ಎರಡನ್ನೂ ಒಂದೇ ಲೋಟದಲ್ಲಿ ಅಳೆದರೆ ಸಾಕು. ಇದು ಅನುಪಾತ. ಗಣಿತದಲ್ಲಿ 1:2 ಎಂದು ಬರೆಯುತ್ತೀರಲ್ಲ, ಅದೇ. ಉಪ್ಪಿಟ್ಟಿನ ರವೆಗೂ ಓಟ್ಸ್ ಗಂಜಿಗೂ ಹೀಗೆಯೇ. ನೀರಿನ ಅನುಪಾತಕ್ಕೆ ಗ್ರಾಂ ಲೆಕ್ಕ ಬೇಕಿಲ್ಲ.

ಸಂತೆಯಲ್ಲಿ ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಕೊಡುವುದನ್ನೂ ನೋಡಿದ್ದೀರಿ. ಅಷ್ಟು ಹಗುರವಾದ ವಸ್ತುವನ್ನು ಎಲ್ಲರ ಕಣ್ಣೆದುರು ಅಳೆದು ಕೊಡುವುದು ಬೇಗ ಮುಗಿಯುವ ಕೆಲಸ. ಇದನ್ನು ಹಳೆಯ ಕಾಲದ ಅಜ್ಞಾನ ಎಂದು ನಗುವುದು ಸರಿಯಲ್ಲ.

ತೂಕ ಎಲ್ಲಿ ಬೇಕೇ ಬೇಕು?

ಹಂಚುವಾಗ, ಕೊಳ್ಳುವಾಗ, ಪೋಷಣೆಯ ಲೆಕ್ಕ ಹಾಕುವಾಗ ತೂಕ ಬೇಕೇ ಬೇಕು. ಇದಕ್ಕೆ ದೂರದ ಉದಾಹರಣೆ ಏಕೆ? ನಿಮ್ಮ ತಟ್ಟೆಯನ್ನೇ ನೋಡೋಣ.

ಬಿಸಿಯೂಟ ಯೋಜನೆಯ ನಿಯಮದಂತೆ 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಆಹಾರಧಾನ್ಯ, 6ರಿಂದ 8ನೇ ತರಗತಿಯ ಒಂದು ಮಗುವಿಗೆ 150 ಗ್ರಾಂ. ಇದು ಬೇಯಿಸುವ ಮೊದಲಿನ ತೂಕ. ಇಲ್ಲಿ ಲೋಟ, ಪಾವು ಎಂದು ಹೇಳಿಲ್ಲ, ಗ್ರಾಂ ಎಂದೇ ಹೇಳಿದ್ದಾರೆ. ಏಕೆಂದರೆ ಶಕ್ತಿ ಕೊಡುವುದು ಧಾನ್ಯ, ಲೋಟದಲ್ಲಿರುವ ಗಾಳಿಯಲ್ಲ!

ಒಂದು ಶಾಲೆಯಲ್ಲಿ ಚಿಕ್ಕ ತರಗತಿಗಳ 60 ಮಕ್ಕಳು, ದೊಡ್ಡ ತರಗತಿಗಳ 40 ಮಕ್ಕಳು ಇದ್ದಾರೆ ಎಂದುಕೊಳ್ಳಿ. ಅಂದಿನ ಅಡುಗೆ ಅನ್ನ–ಸಾಂಬಾರು.

60 × 100 = 6,000 ಗ್ರಾಂ
40 × 150 = 6,000 ಗ್ರಾಂ
ಒಟ್ಟು 12,000 ಗ್ರಾಂ, ಅಂದರೆ 12 ಕೆ.ಜಿ. ಅಕ್ಕಿ.

ಅಡುಗೆಯವರು ದಿನವೂ ತೂಗದೆ ಒಂದು ಡಬ್ಬದಲ್ಲಿ ಅಳೆಯುತ್ತಾರೆ. ಆ ಡಬ್ಬ 800 ಗ್ರಾಂ ಅಕ್ಕಿ ಹಿಡಿಯುತ್ತದೆ ಎನ್ನೋಣ. 15 ಡಬ್ಬ ಹಾಕಿದರೆ ಲೆಕ್ಕ ಸರಿಯಾಯಿತು. ಒಂದು ದಿನ ಹಳೆಯ ಚೀಲ ಮುಗಿದು ಹೊಸ ಚೀಲ ಬಿಚ್ಚಿದರು. ಆ ಅಕ್ಕಿಯ ಕಾಳಿನ ಆಕಾರ ಬೇರೆ, ಅದೇ ಡಬ್ಬದಲ್ಲಿ 760 ಗ್ರಾಂ ಮಾತ್ರ ಹಿಡಿಸಿತು ಎಂದುಕೊಳ್ಳಿ. ಆಗ 15 ಡಬ್ಬಕ್ಕೆ ಬರುವುದು 11,400 ಗ್ರಾಂ. 600 ಗ್ರಾಂ ಕಡಿಮೆ! ಇದು ಆರು ಚಿಕ್ಕ ಮಕ್ಕಳ ಪಾಲು. 20 ದಿನ ಹೀಗೇ ನಡೆದರೆ 12 ಕೆ.ಜಿ. ಅಂದರೆ ಆ ಶಾಲೆಯ ಇಡೀ ಒಂದು ದಿನದ ಅಕ್ಕಿ.

ಇದರಲ್ಲಿ ಯಾರ ಮೋಸವೂ ಇಲ್ಲ. ಅಡುಗೆಯವರು ಎಂದಿನಂತೆ 15 ಡಬ್ಬ ಹಾಕಿದ್ದಾರೆ. ಆದರೂ ಸಾಲಿನ ಕೊನೆಯಲ್ಲಿ ನಿಂತವರಿಗೆ ಅನ್ನ ಸಾಲದೆ ಹೋಗಬಹುದು. ಇದಕ್ಕೆ ಎದುರಾದ ತೊಂದರೆಯೂ ಉಂಟು. ಡಬ್ಬವನ್ನು ಗೋಪುರದಂತೆ ತುಂಬಿ 900 ಗ್ರಾಂ ಆದರೆ ದಿನಕ್ಕೆ ಒಂದೂವರೆ ಕೆ.ಜಿ. ಹೆಚ್ಚು ಖರ್ಚಾಗುತ್ತದೆ. ತಿಂಗಳು ಮುಗಿಯುವ ಮೊದಲೇ ದಾಸ್ತಾನು ಮುಗಿಯುತ್ತದೆ.

ಕೈ ಅಳತೆಗೆ ಏನು ಹೇಳುವುದು?

"ನಮ್ಮ ಅಡುಗೆಯವರಿಗೆ ಕೈ ಅಳತೆ ಚೆನ್ನಾಗಿ ಗೊತ್ತು, ತಕ್ಕಡಿ ಏಕೆ?" ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೂರು ಮಕ್ಕಳಿಗೆ ದಿನವೂ ಒಂದೇ ಹದದಲ್ಲಿ ಅಡುಗೆ ಮಾಡುವ ಅಮ್ಮಂದಿರ ಕಣ್ಣಳತೆ ವರ್ಷಗಳ ಅನುಭವದಿಂದ ಬಂದದ್ದು. ಹೊಸ ಅಕ್ಕಿಗೆ ನೀರು ಕಡಿಮೆ, ಹಳೆಯ ಅಕ್ಕಿಗೆ ನೀರು ಹೆಚ್ಚು ಎಂದು ಅವರು ಮುಟ್ಟಿ ನೋಡಿಯೇ ಹೇಳಬಲ್ಲರು. ಅದೂ ಒಂದು ಬಗೆಯ ವಿಜ್ಞಾನವೇ.

ಆದರೆ ಕೈ ಅಳತೆಗೆ ಒಂದು ಮಿತಿ ಇದೆ. ಅದನ್ನು ಇನ್ನೊಬ್ಬರಿಗೆ ದಾಟಿಸುವುದು ಕಷ್ಟ. ಅವರು ರಜೆ ಹಾಕಿದ ದಿನ ಬೇರೆಯವರು ಬಂದರೆ ಕೈ ಅಳತೆ ಜೊತೆಗೆ ಬರುವುದಿಲ್ಲ. ಡಬ್ಬದ ಮೇಲೆ ಬರೆದ ಅಂಕಿ ಮಾತ್ರ ಅಲ್ಲಿಯೇ ಇರುತ್ತದೆ. ಆದ್ದರಿಂದ ಅಂಕಿಯು ಅನುಭವಕ್ಕೆ ಎದುರಾಳಿಯಲ್ಲ, ಜೊತೆಗಾರ.

ಇನ್ನು ಕೆಲವರು "ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಲೋಟವೇ ಬೇಡ" ಎನ್ನುತ್ತಾರೆ. ತಕ್ಕಡಿ ಇದ್ದರೆ ಬಹಳ ಒಳ್ಳೆಯದು. ಆದರೆ ಬ್ಯಾಟರಿ ಮುಗಿಯಬಹುದು, ಕೆಡಬಹುದು. ಬೆಳಗಿನ ಅವಸರದಲ್ಲಿ ಹತ್ತಾರು ಸಲ ತೂಗಲು ಬಿಡುವೂ ಇರಲಿಕ್ಕಿಲ್ಲ. ಒಮ್ಮೆ ಸರಿಯಾಗಿ ತೂಗಿ, ಆ ಅಂಕಿಯನ್ನು ಡಬ್ಬದ ಮೇಲೆ ಬರೆದುಕೊಂಡರೆ ದಿನವೂ ಡಬ್ಬದಿಂದಲೇ ನೆಮ್ಮದಿಯಾಗಿ ಅಳೆಯಬಹುದು.

ಎರಡೂ ಮಾನಗಳನ್ನು ಒಟ್ಟಿಗೆ ಬರೆಯುವ ಪದ್ಧತಿ ಈಗಾಗಲೇ ಇದೆ. ಅಡುಗೆ ಎಣ್ಣೆಯ ಒಂದು ಲೀಟರ್ ಪೊಟ್ಟಣವನ್ನು ತಿರುಗಿಸಿ ನೋಡಿ. ಲೀಟರ್ ಜೊತೆಗೆ ಸುಮಾರು 910 ಗ್ರಾಂ ಎಂದು ತೂಕವನ್ನೂ ಮುದ್ರಿಸಿರುತ್ತಾರೆ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ, ಆದರೆ ತೂಕ ಹೆಚ್ಚುವುದಿಲ್ಲ. ಎಣ್ಣೆಗೆ ಸಲ್ಲುವ ಈ ನ್ಯಾಯ ಅಕ್ಕಿಯ ಡಬ್ಬಕ್ಕೂ ಸಲ್ಲಬೇಡವೇ?

ನೀವೇ ಮಾಡಿ: ನೀರೇ ತೂಕದ ಕಲ್ಲು

ತಕ್ಕಡಿ ಇಲ್ಲದ ಶಾಲೆಯೂ ಈ ಕೆಲಸ ಮಾಡಬಹುದು. 1795ರಲ್ಲಿ ಫ್ರಾನ್ಸಿನಲ್ಲಿ ಗ್ರಾಂ ಎಂಬ ಮಾನವನ್ನು ನೀರಿನಿಂದಲೇ ನಿಶ್ಚಯಿಸಿದ್ದರು. ಒಂದು ಘನ ಸೆಂಟಿಮೀಟರ್ ನೀರಿನ ತೂಕವೇ ಒಂದು ಗ್ರಾಂ ಎಂದರು. ವಿಜ್ಞಾನಿಗಳ ಕಿಲೋಗ್ರಾಂ ವ್ಯಾಖ್ಯೆ 2019ರ ಮೇ ತಿಂಗಳಿಂದ ಬೇರೆಯಾಗಿದೆ. ಆದರೆ ನಮ್ಮ ಕೆಲಸಕ್ಕೆ ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ಎಂದು ಹಿಡಿದರೆ ಸಾಕು.

ಬೇಕಾಗುವ ವಸ್ತುಗಳು: ಬಟ್ಟೆ ತೂಗುಹಾಕುವ ಹ್ಯಾಂಗರ್, ದಾರ, ಒಂದೇ ಬಗೆಯ ಎರಡು ಖಾಲಿ ಪ್ಲಾಸ್ಟಿಕ್ ಡಬ್ಬಿ, ಅಳತೆ ಜಾಡಿ, ಒಂದು ಲೋಟ.

1. ಹ್ಯಾಂಗರನ್ನು ಮೊಳೆಗೆ ತೂಗುಹಾಕಿ. ಎರಡೂ ತುದಿಗಳಿಗೆ ಸಮ ಉದ್ದದ ದಾರದಿಂದ ಡಬ್ಬಿಗಳನ್ನು ಕಟ್ಟಿ. ಒಂದು ಕಡೆ ವಾಲಿದರೆ ಮೇಲೆದ್ದ ಕಡೆಗೆ ಸ್ವಲ್ಪ ಜೇಡಿಮಣ್ಣು ಅಂಟಿಸಿ ಸಮ ಮಾಡಿ.

2. ಲೋಟಕ್ಕೆ ಅವಲಕ್ಕಿ ತುಂಬಿ. ಒತ್ತಬೇಡಿ, ತಟ್ಟಬೇಡಿ. ಅಳತೆಪಟ್ಟಿಯ ಅಂಚಿನಿಂದ ಮೇಲ್ಭಾಗ ಸವರಿ ಮಟ್ಟ ಮಾಡಿ. ಒಂದು ಡಬ್ಬಿಗೆ ಸುರಿಯಿರಿ.

3. ಇನ್ನೊಂದು ಡಬ್ಬಿಗೆ ಹ್ಯಾಂಗರ್ ಸಮವಾಗುವವರೆಗೆ ನೀರು ಹಾಕುತ್ತಾ ಹೋಗಿ.

4. ಆ ನೀರನ್ನು ಅಳತೆ ಜಾಡಿಗೆ ಸುರಿದು ನೋಡಿ. ಎಷ್ಟು ಮಿಲಿಲೀಟರ್ ನೀರೋ ಅವಲಕ್ಕಿ ಅಷ್ಟೇ ಗ್ರಾಂ!

5. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಮೂರು ಸಲವೂ ಒಂದೇ ಉತ್ತರ ಬರಲಿಲ್ಲವೆಂದು ಬೇಸರಪಡಬೇಡಿ. ಎಷ್ಟು ವ್ಯತ್ಯಾಸ ಬಂತು ಎಂಬುದನ್ನೂ ಬರೆದುಕೊಳ್ಳಿ. ಉತ್ತರ ಎಷ್ಟು ನಂಬಲರ್ಹ ಎಂದು ತಿಳಿಯುವುದು ಅದರಿಂದಲೇ.

ನಿಮಗೆ ಒಂದು ಲೋಟಕ್ಕೆ 70 ಗ್ರಾಂ ಬಂತು ಎನ್ನೋಣ. ಇನ್ನು ಏಕಾಂಶ ಪದ್ಧತಿ ಬಳಸಿದರೆ ಆಯಿತು. 6 ಲೋಟ ಅವಲಕ್ಕಿ ಎಂದರೆ 6 × 70 = 420 ಗ್ರಾಂ. ಅರ್ಧ ಕೆ.ಜಿ. ಬೇಕಾದರೆ 500 ÷ 70, ಅಂದರೆ ಏಳು ಲೋಟಕ್ಕಿಂತ ಸ್ವಲ್ಪ ಹೆಚ್ಚು. ಓಟ್ಸ್ ಕೂಡ ಲೋಟಕ್ಕೆ 70 ಗ್ರಾಂ ತೂಗಿದರೆ, 40 ಗ್ರಾಂ ಎಂದರೆ ಅರ್ಧ ಲೋಟಕ್ಕಿಂತ ತುಸು ಹೆಚ್ಚು. ಲೋಟದಿಂದ ಗ್ರಾಂಗೆ ಹೋಗಲು ಗುಣಿಸಿ, ಗ್ರಾಂನಿಂದ ಲೋಟಕ್ಕೆ ಬರಲು ಭಾಗಿಸಿ. ಅಕ್ಕಿಗೆ ಕಂಡುಹಿಡಿದ ಅಂಕಿಯನ್ನು ಅವಲಕ್ಕಿಗೆ ಮಾತ್ರ ಬಳಸಬೇಡಿ!

ಬಿಸಿಯೂಟದ ಡಬ್ಬ ದೊಡ್ಡದು. ಅದಕ್ಕೆ ಹ್ಯಾಂಗರ್ ಸಾಲದು. ಶಾಲೆಯ ತಕ್ಕಡಿಯನ್ನು ಅಥವಾ ಹತ್ತಿರದ ದಿನಸಿ ಅಂಗಡಿಯ ತಕ್ಕಡಿಯನ್ನು ಬಳಸಬಹುದು. ಶಿಕ್ಷಕರನ್ನೂ ಅಡುಗೆಯವರನ್ನೂ ಕೇಳಿಕೊಂಡು, ಕೈ ತೊಳೆದುಕೊಂಡು, ಒಲೆ ಹಚ್ಚುವ ಮೊದಲೇ ಈ ಕೆಲಸ ಮುಗಿಸಿ.

ಡಬ್ಬದ ಮೇಲೆ ನಾಲ್ಕು ಸಾಲು

ಅಕ್ಕಿ, ಬೇಳೆ, ರವೆ, ಉಪ್ಪು – ಈ ನಾಲ್ಕಕ್ಕೆ ಒಂದೊಂದು ಸಾಲು ಬರೆಯಿರಿ. ಎದುರಿಗೆ ಗ್ರಾಂ, ಕೆಳಗೆ ತೂಗಿದ ದಿನಾಂಕ. ಹೊಸ ಚೀಲ ಬಿಚ್ಚಿದ ದಿನ ಮತ್ತೊಮ್ಮೆ ತೂಗಿ, ಬದಲಾಗಿದ್ದರೆ ತಿದ್ದಿ ಬರೆಯಿರಿ. ಇದಕ್ಕೆ ಬೇಕಾಗುವುದು ಒಂದು ಪೇಂಟ್ ಕುಂಚ ಅಥವಾ ಮಾರ್ಕರ್ ಪೆನ್, ಅರ್ಧ ಗಂಟೆಯ ಸಮಯ.

ಪ್ರತಿ ಶಾಲೆಯಲ್ಲೂ 6 ಮತ್ತು 7ನೇ ತರಗತಿಯ ಮಕ್ಕಳಿಗೆ ಈ ಹೊಣೆ ಕೊಡಬೇಕು ಎಂದು ನಾನು ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ. ಸಾಂದ್ರತೆ, ಸರಾಸರಿ, ಅನುಪಾತ, ಏಕಾಂಶ ಪದ್ಧತಿ ಎಂದು ಬೇರೆ ಬೇರೆ ಪಾಠಗಳಲ್ಲಿ ಓದುವುದೆಲ್ಲ ಈ ಒಂದು ಡಬ್ಬದಲ್ಲಿ ಸಿಗುತ್ತದೆ. ಪರೀಕ್ಷೆಯ ಅಂಕಕ್ಕಿಂತ ದೊಡ್ಡ ಲಾಭವೂ ಇದೆ. ನೀವು ಸರಿಯಾಗಿ ತೂಗಿ ಬರೆದ ಅಂಕಿಯಿಂದ, ಸಾಲಿನಲ್ಲಿ ಕೊನೆಗೆ ನಿಂತ ಒಂದನೇ ತರಗತಿಯ ತಮ್ಮನಿಗೋ ತಂಗಿಗೋ ಅವರ ಪಾಲಿನ 100 ಗ್ರಾಂ ಕೊರತೆಯಿಲ್ಲದೆ ತಲುಪುತ್ತದೆ.

ಈ ವಾರವೇ ನಿಮ್ಮ ಲೋಟದಿಂದ ಆರಂಭಿಸಿ. ನಿಮಗೆ ಬಂದ ಅಂಕಿಗಳನ್ನು ಶಾಲೆಯ ಗೋಡೆಪತ್ರಿಕೆಯಲ್ಲಿ ಹಾಕಿ. ಪಕ್ಕದ ಊರಿನ ಶಾಲೆಯ ಅಂಕಿಗಳೊಂದಿಗೆ ಹೋಲಿಸಿ. ಎರಡೂ ಒಂದೇ ಆಗಿಲ್ಲದಿದ್ದರೆ ಯಾರದು ತಪ್ಪು ಎಂದು ಜಗಳವಾಡಬೇಡಿ. ಲೋಟ ಬೇರೆಯೇ, ಧಾನ್ಯ ಬೇರೆಯೇ, ತುಂಬಿದ ಕ್ರಮ ಬೇರೆಯೇ ಎಂದು ಹುಡುಕಿ.